ರವಿವಾರದ ಲೈನು

14 ಅಕ್ಟೋಬರ್ 2001, ರವಿವಾರ

ಆರು ತಿಂಗಳ ಮೇಲೆ ಇವತ್ತು ಮಗಳು ಮೇಘಾಳ ಮುಖ ಕಂಡಿತು. ಕಂಪ್ಯೂಟರಿನ ಮೇಲೆ, ಬೆಂಕಿಪೊಟ್ಟಣದಷ್ಟು ಚೌಕದಲ್ಲಿ. ಎರಡು ಜಡೆ ಹಾಕಿದ್ದಾರೆ. ಮುಂದಿನ ಹಲ್ಲು ಒಂದು ಬಿದ್ದಿದೆ. ಅದನ್ನು ತೋರಿಸಬೇಕೆಂದು ಬಾಯಿ ತೆರೆದು ಕ್ಯಾಮೆರಾಕ್ಕೆ ಎಷ್ಟು ಹತ್ತಿರ ಬಂದಳೆಂದರೆ ಚೌಕವೆಲ್ಲ ಕಪ್ಪಾಯಿತು. ಒಬ್ಬನೇ ಕೂತು ಗಟ್ಟಿಯಾಗಿ ನಕ್ಕುಬಿಟ್ಟೆ. ಕೆಳಗೆ ಮನೆಯೊಡತಿ ಫ್ರೌ ಲಿಂಡ್ನರ್‌ಗೆ ಕೇಳಿಸಿರಬೇಕು.

ಫೋನಿನಲ್ಲಿ ಹೆಂಡತಿ ಕೀರ್ತಿಯ ಜೊತೆ ಮಾತಾಡುತ್ತೇನೆ. ಮೇಘಾಳಿಗೆ ಫೋನ್ ಎಂದರೆ ಅವ್ವ ಕಿವಿಗೆ ಹಚ್ಚಿಕೊಂಡು ಕಣ್ಣು ಒರೆಸಿಕೊಳ್ಳುವ ಒಂದು ಸಾಮಾನು, ಅಷ್ಟೆ. ಒಂದೂವರೆ ವರ್ಷದವಳಿದ್ದಾಗ ಬಂದ ಮಿದುಳುಜ್ವರ ಅವಳ ಎರಡೂ ಕಿವಿಗಳನ್ನು ಒಯ್ದಿತು. ಈಗ ಏಳು ತುಂಬಿದೆ. ಅವಳ ಜೊತೆ ಮಾತಾಡಬೇಕಾದರೆ ಕೈ ಕಾಣಬೇಕು. ಅದಕ್ಕೇ ಈ ವೆಬ್‌ಕ್ಯಾಮ್.

ಕೀರ್ತಿಯ ತಮ್ಮ ಸಂತೋಷಕುಮಾರ ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಸೆಂಟರ್ ನೋಡಿಕೊಳ್ಳುತ್ತಾನೆ. ರವಿವಾರ ಅಲ್ಲಿ ಯಾರೂ ಇರುವುದಿಲ್ಲ, ಕಾಲೇಜಿನ ದೊಡ್ಡ ಲೈನು ಪೂರಾ ಖಾಲಿ. ತಾಯಿ ಮಗಳು ಎರಡು ಬಸ್ಸು ಬದಲಿಸಿ ಅಲ್ಲಿಗೆ ಬರುತ್ತಾರೆ. ಆ ಕಡೆ ತೊಂದರೆ ಇಲ್ಲ. ತೊಂದರೆ ನನ್ನ ಕಡೆ. ನಾನಿರುವುದು ಜರ್ಮನಿಯಲ್ಲಿ, ಆಫೀಸು ಇರುವ ಹರ್ಟ್ಸೋಗೆನಾವ್‌ರಾಕ್‌ನಿಂದ ಒಂಬತ್ತು ಕಿಲೋಮೀಟರ್ ದೂರದ ಹಳ್ಳಿ, ಹಳೆಯ ತಂತಿ, ನಿಮಿಷಕ್ಕಿಷ್ಟು ಎಂದು ಎಣಿಸುವ ಮೋಡೆಮ್. ಐವತ್ತಾರು ಕೆ ಎಂದು ಡಬ್ಬಿಯ ಮೇಲೆ ಬರೆದಿದ್ದಾರೆ, ಸಿಗುವುದು ಮೂವತ್ತು. ಮೂರು ನಾಲ್ಕು ಸೆಕೆಂಡಿಗೆ ಒಂದು ಚಿತ್ರ ಬರುತ್ತದೆ. ಕೈ ಎದೆಯ ಹತ್ತಿರ ಇತ್ತು, ಮುಂದಿನ ಚಿತ್ರದಲ್ಲಿ ಹಣೆಯ ಹತ್ತಿರ. ನಡುವೆ ಏನು ಹೇಳಿದಳೋ.

ಕೀರ್ತಿ ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಕನ್ನಡವನ್ನೇ ಟೈಪ್ ಮಾಡುತ್ತಾಳೆ. "ಆಕಿ ಹೇಳೂದು ಕಾಣಸ್ತದೇನ್ರಿ?" ಎಂದು ಕೇಳಿದಳು.

"ಛಲೋ ಕಾಣಸ್ತದ" ಎಂದು ಬರೆದೆ. ಇಲ್ಲ ಎಂದರೆ ಎರಡು ಬಸ್ಸಿನ ಬಿಸಿಲಿಗೆ ಮಗುವನ್ನು ಯಾಕೆ ತರಬೇಕು ಎನ್ನುತ್ತಾಳೆ. ಮುಂದಿನ ರವಿವಾರ ಬರುವುದಿಲ್ಲ.

9 ನವೆಂಬರ್, ಶುಕ್ರವಾರ

ಅರ್ಧ ದಿನ ರಜೆ ಹಾಕಿ ಎರ್ಲಾಂಗೆನ್‌ನ ಆಸ್ಪತ್ರೆಗೆ ಹೋಗಿ ಬಂದೆ. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುವ ಗ್ರೀನ್ ಕಾರ್ಡ್ ಸುದ್ದಿ ಪೇಪರಿನಲ್ಲಿ ಓದಿದ ದಿನವೇ ನನ್ನ ತಲೆಗೆ ಹೊಕ್ಕಿದ್ದು ಇದು, ಮೇಘಾಳ ಕಿವಿ. ಸಂಬಳ ಆಮೇಲೆ. ಹೆಂಡತಿ ಮಕ್ಕಳು ಇಲ್ಲಿಗೆ ಬಂದರೆ ಅವರಿಗೂ ನನ್ನ ವಿಮೆ ನಡೆಯುತ್ತದೆ. ಕಿವಿಯ ಹಿಂದೆ ಚರ್ಮದಡಿ ಯಂತ್ರ ಕೂರಿಸುವ ಆ ಆಪರೇಷನ್ ಊರಿನಲ್ಲಿ ನನ್ನ ಕೈಗೆ ಎಟುಕುವುದಲ್ಲ.

ಡಾಕ್ಟರಮ್ಮ ಐವತ್ತು ದಾಟಿದವರು. ನನ್ನ ಹರಕು ಜರ್ಮನ್ ಕೇಳಿ ತಾವೇ ಇಂಗ್ಲಿಷಿಗೆ ಬಂದರು. ಕಾಗದ ಎಲ್ಲ ಓದಿ, "ತಡವಾಗಿದೆ" ಎಂದರು. "ಶಬ್ದ ಕೇಳಬಹುದು. ಆ ಶಬ್ದ ಮಾತಾಗುತ್ತದೆ ಎಂದು ನಾನು ಮಾತು ಕೊಡಲಾರೆ. ವರ್ಷಗಟ್ಟಲೆ ಅವಳು ಕೂತು ಕಲಿಯಬೇಕು. ಅಪ್ಪ ಬಯಸಿದರೆ ಸಾಲದು. ಅವಳನ್ನು ಕೇಳಿದ್ದೀರಾ?"

ಕೇಳುತ್ತೇನೆ ಎಂದೆ.

ಕೀರ್ತಿಗೆ ಇದು ಮೊದಲಿನಿಂದಲೂ ಇಷ್ಟವಿಲ್ಲ. ನಾನು ಹೊರಡುವ ಹಿಂದಿನ ದಿನ ಬಟ್ಟೆ ಮಡಚುತ್ತ, "ಸಾಲಿಗೆ ಹೋಗಾಕ ಹತ್ತಿದ ಮ್ಯಾಲೆ ಕೂಸು ನಗಾಕ ಕಲ್ತೈತಿ. ಅಲ್ಲೆಲ್ಲಾ ಅದರಂಥವ ಹುಡುಗ್ರು. ಈಗ ತಲಿ ಕೊರಿಸಿ ಮತ್ತ ಮೊದಲಿಂದ ಸುರು ಮಾಡೂದೇನು?" ಎಂದಿದ್ದಳು. ನಾನು ಸೂಟ್‌ಕೇಸ್ ಮುಚ್ಚಿದ್ದೆ.

11 ನವೆಂಬರ್, ರವಿವಾರ

ಬರ್ತೀನಿ ಅಂದಳು!

ನಿನ್ನೆಯೇ ಕೂತು ದೊಡ್ಡ ಹಾಳೆಯ ಮೇಲೆ ವಿಮಾನ, ಡಾಕ್ಟರು, ಕಿವಿ ಎಲ್ಲ ಸ್ಕೆಚ್ ಪೆನ್ನಿನಲ್ಲಿ ಬರೆದಿಟ್ಟುಕೊಂಡಿದ್ದೆ. ಒಂದೊಂದಾಗಿ ಕ್ಯಾಮೆರಾಕ್ಕೆ ಹಿಡಿದೆ. ಆ ಕಡೆ ಕೀರ್ತಿ ಸನ್ನೆ ಮಾಡಿ ಬಿಡಿಸಿ ಹೇಳುತ್ತಿದ್ದುದು ಭುಜದ ಅಲುಗಾಟದಲ್ಲಿ ಗೊತ್ತಾಗುತ್ತಿತ್ತು. ಆಮೇಲೆ ಮೇಘಾ ಕೈ ಎತ್ತಿದಳು. ಮೊದಲ ಚಿತ್ರದಲ್ಲಿ ಅಂಗೈ ಎದೆಯ ಮುಂದೆ. ಎರಡನೆಯದರಲ್ಲೂ ಅಲ್ಲೇ, ತುಸು ಮಸುಕು. ಮೂರನೆಯದರಲ್ಲಿ ಕೈ ಕೆಳಗಿತ್ತು. ನಮ್ಮ ಮನೆಯ ಸನ್ನೆಯಲ್ಲಿ ಅಂಗೈ ಹಿಡಿದು ಎದೆಯತ್ತ ಎಳೆದುಕೊಂಡರೆ ಬರ್ತೀನಿ ಎಂದು.

"ಏನಂದ್ಳು ಕಾಣಸ್ತೇನ್ರಿ?" ಕೀರ್ತಿ ಬರೆದಳು.

"ಕಾಣಸ್ತು, ಕಾಣಸ್ತು. ಜುಲೈಕ್ಕ ತಾರೀಖು ತಗೋತೀನಿ."

ಬಹಳ ಹೊತ್ತು ಉತ್ತರ ಬರಲಿಲ್ಲ. ಲೈನ್ ನಿಂತಿತೇನೋ ಎಂದುಕೊಂಡೆ. ಕೊನೆಗೆ, "ನೀವು ಹೆಂಗ ಹೇಳ್ತೀರಿ ಹಂಗ" ಎಂದು ಬಂತು.

ಒಪ್ಪಿದಳು. ಇಷ್ಟು ಬೇಗ ಒಪ್ಪುತ್ತಾಳೆ ಎಂದುಕೊಂಡಿರಲಿಲ್ಲ.

16 ಡಿಸೆಂಬರ್, ರವಿವಾರ

ಐಎಸ್‌ಡಿಎನ್ ಎಂಬ ವೇಗದ ಫೋನ್ ಲೈನು ಹಾಕಿಸಿದೆ. ಎರಡು ಚಾನೆಲ್ ಕೂಡಿಸಿದರೆ ನೂರಾ ಇಪ್ಪತ್ತೆಂಟು ಕೆ. ಎರಡು ಚಾನೆಲ್ ಎಂದರೆ ಬಿಲ್ಲೂ ಎರಡು ಪಟ್ಟು ಓಡುತ್ತದೆ. ಓಡಲಿ. ಈಗ ಸೆಕೆಂಡಿಗೆ ಎರಡು ಚಿತ್ರ, ಕೆಲವೊಮ್ಮೆ ಮೂರು.

ಪರೀಕ್ಷೆ ಮಾಡಲು ಮೇಘಾಳಿಗೆ ಒಂದರಿಂದ ಹತ್ತರವರೆಗೆ ಬೆರಳಿನಲ್ಲಿ ಎಣಿಸಲು ಹೇಳಿದೆ. ಮೊದಲ ಸಲ ಆರು ಬೆರಳು ಸಿಕ್ಕವು. ದೀಪದ ಕಡೆ ತಿರುಗಿ ಕೂರಿಸಿದ ಮೇಲೆ ಏಳು. ಚೌಕ ಚಿಕ್ಕದು ಮಾಡಿದಾಗ ಎಂಟು. ಹೀಗೆ ಹನ್ನೊಂದು ಸಲ ಎಣಿಸಿದಳು. ಸಂತೋಷಕುಮಾರ ಆ ಕಡೆಯ ಸೆಟ್ಟಿಂಗ್ ಬದಲಿಸಿದರೆ ಇನ್ನೂ ಸುಧಾರಿಸಬಹುದು.

ಶಾಲೆಯ ವಾರ್ಷಿಕ ಗ್ಯಾದರಿಂಗ್‌ನಲ್ಲಿ ನವಿಲಿನ ವೇಷ ಹಾಕಿದ್ದಳಂತೆ. ಆ ಗರಿಗಳನ್ನು ಚೀಲದಲ್ಲಿ ತಂದಿದ್ದರು. ಅಷ್ಟರಲ್ಲಿ ಒಂದು ತಾಸು ಮುಗಿದಿತ್ತು. ಮುಂದಿನ ವಾರ ನೋಡಬೇಕು.

6 ಜನವರಿ 2002, ರವಿವಾರ

ಯೂರೋ ಬಂದಿದೆ, ಹೊಸ ನೋಟು, ಹೊಸ ನಾಣ್ಯ. ಬ್ರೆಡ್ಡಿನ ಅಂಗಡಿಯಲ್ಲಿ ಎಲ್ಲರೂ ಕನ್ನಡಕ ಏರಿಸಿಕೊಂಡು ಚಿಲ್ಲರೆ ತಿರುಗಿಸಿ ನೋಡುತ್ತಿದ್ದಾರೆ.

ಲೈನು ಇವತ್ತು ಕೆಟ್ಟದಾಗಿತ್ತು. ಸೆಕೆಂಡಿಗೆ ಒಂದೂವರೆ ಚಿತ್ರ. ಮೇಘಾ ಬೇಗ ಎದ್ದು ಹೋದಳು.

5 ಫೆಬ್ರವರಿ, ಮಂಗಳವಾರ

ಡಿಎಸ್‌ಎಲ್, ಅಂದರೆ ಇದಕ್ಕಿಂತ ವೇಗದ ಲೈನು, ಈ ಹಳ್ಳಿಗೆ ಬರುವುದಿಲ್ಲ. ಫೋನ್ ಕಂಪನಿಯ ಕಾಗದ ಬಂದಿದೆ. ಎಕ್ಸ್‌ಚೇಂಜಿನಿಂದ ನಮ್ಮ ಮನೆಗೆ ತಂತಿ ಆರು ಕಿಲೋಮೀಟರ್, ಅಷ್ಟು ದೂರ ಆ ಸಿಗ್ನಲ್ ಬದುಕುವುದಿಲ್ಲವಂತೆ.

ಆಫೀಸಿನಲ್ಲಿ ಯೂನುಸ್‌ಗೆ ತೋರಿಸಿದೆ. ವಿಜಾಪುರದ ಹುಡುಗ, ನನಗಿಂತ ಎಂಟು ವರ್ಷ ಚಿಕ್ಕವನು, ಇಲ್ಲಿ ಕನ್ನಡದಲ್ಲಿ ಮಾತಾಡಲು ಇರುವವನು ಅವನೊಬ್ಬ.

"ಪ್ರಸಾದಣ್ಣ, ಜುಲೈಕ್ಕ ಹೆಂಗೂ ಬರ್ತಾರಲ್ಲ. ಐದು ತಿಂಗಳ ಸಲುವಾಗಿ ಇಷ್ಟ್ಯಾಕ?" ಎಂದ.

"ಐದು ತಿಂಗಳು ಸಣ್ಣದೇನು?"

"ಹಂಗಲ್ಲ. ನೀ ಲೈನ್ ಬಗ್ಗೆ ಇಷ್ಟ್ ಹೇಳ್ತಿ. ಹುಡುಗಿ ಹೆಂಗದಾಳ ಅಂತ ಕೇಳಿದ್ರ ಆರಾಮ ಅಂತಿ, ಮುಗೀತು."

ಆರಾಮ ಇದ್ದಾಳೆ, ಇನ್ನೇನು ಹೇಳಬೇಕು? ಅವನಿಗೆ ಮದುವೆಯಾಗಿಲ್ಲ.

ಹರ್ಟ್ಸೋಗೆನಾವ್‌ರಾಕ್ ಊರೊಳಗೇ ಮನೆ ಹುಡುಕುತ್ತೇನೆ.

2 ಮಾರ್ಚ್, ಶನಿವಾರ

ಮನೆ ಬದಲಿಸಿದೆ. ನಾಲ್ಕನೆಯ ಮಹಡಿ, ಕೆಳಗೆ ಬಸ್ ಸ್ಟಾಪು, ಬಾಡಿಗೆ ಜಾಸ್ತಿ. ಏಳು ಮನೆ ನೋಡಿದೆ. ಎಲ್ಲ ಕಡೆ ಮೊದಲ ಪ್ರಶ್ನೆ, "ಡಿಎಸ್‌ಎಲ್ ಸಿಗುತ್ತದೆಯೇ?" ಒಬ್ಬ ಮಾಲೀಕ ಅದು ಹೊಸ ನಮೂನೆಯ ಬಾಯ್ಲರ್ ಎಂದು ತಿಳಿದು, ಇಲ್ಲ, ಆದರೆ ಬಿಸಿನೀರು ಚೆನ್ನಾಗಿ ಬರುತ್ತದೆ ಎಂದ.

ಫ್ರೌ ಲಿಂಡ್ನರ್ ಬಾಗಿಲಲ್ಲಿ ನಿಂತು ಕೈ ಹಿಡಿದುಕೊಂಡರು. ಮಗು ಬಂದಾಗ ಕರೆದುಕೊಂಡು ಬಾ, ಮೊಲ ತೋರಿಸುತ್ತೇನೆ ಎಂದರು. ಅವರು ಮೊಲ ಸಾಕಿದ್ದು ನನಗೆ ಗೊತ್ತೇ ಇರಲಿಲ್ಲ. ಹನ್ನೊಂದು ತಿಂಗಳು ಆ ಮನೆಯಲ್ಲಿದ್ದೆ.

19 ಮಾರ್ಚ್, ಮಂಗಳವಾರ

ಹದಿನೇಳು ದಿನದಿಂದ ಫೋನೂ ಇಲ್ಲ, ನೆಟ್ಟೂ ಇಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರ ನಡುವೆ ಜನ ಬರುತ್ತಾರೆ ಎಂದು ಕಾಗದ. ಎರಡು ಸಲ ರಜೆ ಹಾಕಿ ಕಾದೆ. ಒಮ್ಮೆ ಯಾರೂ ಬರಲಿಲ್ಲ. ಇನ್ನೊಮ್ಮೆ ಬಂದವನು ಬಾಗಿಲ ಮೇಲೆ ನನ್ನ ಹೆಸರಿಲ್ಲವೆಂದು ಹಾಗೇ ಹೋದನಂತೆ.

ರವಿವಾರ ಮೇಘಾಳ ಹುಟ್ಟುಹಬ್ಬ ಇತ್ತು. ಎಂಟು ತುಂಬಿತು. ಬೂತಿನಿಂದ ಕೀರ್ತಿಗೆ ಫೋನ್ ಮಾಡಿದೆ. ಅವಳಿಗೆ ಹೇಳು ಎಂದೆ. "ಏನಂತ ಹೇಳ್ಲಿ?" ಎಂದು ಕೇಳಿದಳು. ಲೈನ್ ಬರುತ್ತಿದೆ ಎಂದು ಹೇಳು ಎಂದೆ.

14 ಏಪ್ರಿಲ್, ರವಿವಾರ

ಬರೆಯಲು ಕೂತು ಎರಡು ತಾಸಾಯಿತು.

ನಿನ್ನೆ ಯೂನುಸ್ ಬಂದು ಹೊಸ ಲೈನಿನ ಡಬ್ಬಿ ಜೋಡಿಸಿದ. ಏಳುನೂರಾ ಅರವತ್ತೆಂಟು ಕೆ. ಎಷ್ಟು ಹೊತ್ತು ಕೂತರೂ ತಿಂಗಳಿಗೆ ಅಷ್ಟೇ ಹಣ. ಇವತ್ತು ಹತ್ತೂವರೆಗೆ ಚೌಕ ತೆರೆಯಿತು. ಅದನ್ನು ಅಂಗೈಯಷ್ಟು ಅಗಲ ಮಾಡಿದೆ, ಚಿತ್ರ ಒಡೆಯಲಿಲ್ಲ. ಮೇಘಾ ಕೂತಿದ್ದಳು. ಗಲ್ಲದ ಮೇಲೆ ಸೊಳ್ಳೆ ಕಚ್ಚಿದ ಗುರುತು. ಹಿಂದಿನ ಗೋಡೆಯ ಮೇಲೆ ಫ್ಯಾನಿನ ನೆರಳು ಸುತ್ತುತ್ತಿತ್ತು. ಅವಳು ಕಣ್ಣು ಮಿಟುಕಿಸಿದರೆ ಕಣ್ಣು ಮಿಟುಕಿತು.

ಅವಳೇ ಮಾತು ಶುರು ಮಾಡಿದಳು. ಎರಡೂ ಕೈ, ಬೆರಳು, ಹುಬ್ಬು, ಎಲ್ಲ ಸೇರಿಸಿ ಸರಸರ ಹೇಳುತ್ತ ಹೋದಳು. ಶಾಲೆಯ ಸನ್ನೆಗಳು. ನಾನು ಹೊರಟಾಗ ಅವಳಿಗೆ ಇಷ್ಟು ಮಾತು ಇರಲಿಲ್ಲ. ನಾಲ್ಕಕ್ಕೆ ಒಂದು ನನಗೆ ತಿಳಿಯಿತು. ಬಸ್ಸು, ಗೆಳತಿ, ಮಳೆ. ಉಳಿದದ್ದಕ್ಕೆ ಸುಮ್ಮನೆ ತಲೆ ಆಡಿಸಿದೆ.

ಆಮೇಲೆ ಹಳೆಯ ಹಾಳೆ ತೆಗೆದು ವಿಮಾನ ತೋರಿಸಿದೆ. ಕಿವಿ ತೋರಿಸಿದೆ. ಜುಲೈಗೆ ಇನ್ನು ಮೂರೇ ತಿಂಗಳು ಎಂದು ಬೆರಳು ಎತ್ತಿದೆ.

ಮೇಘಾ ಅಂಗೈ ಎದೆಯ ಮುಂದೆ ಹಿಡಿದಳು. ಎಳೆದುಕೊಳ್ಳಲಿಲ್ಲ. ಅತ್ತ ಇತ್ತ ಅಲ್ಲಾಡಿಸಿದಳು. ನಿಲ್ಲಿಸಿ ನನ್ನ ಮುಖ ನೋಡಿದಳು. ಮತ್ತೆ ಅಲ್ಲಾಡಿಸಿದಳು, ಈ ಸಲ ತುಟಿಯನ್ನೂ ಬಿಗಿಹಿಡಿದು. ಬ್ಯಾಡ. ಬ್ಯಾಡ. ಬ್ಯಾಡ. ಇದು ನಮ್ಮ ಮನೆಯದೇ ಸನ್ನೆ, ಹಾಲು ಬೇಡವೆಂದಾಗ ಮಾಡುತ್ತಿದ್ದದ್ದು. ಅಂಗೈ ಅದೇ, ಜಾಗವೂ ಅದೇ. ಅಲುಗಾಟ ಮಾತ್ರ ಬೇರೆ. ನನ್ನ ಹಳ್ಳಿಯ ಲೈನಿನಲ್ಲಿ ಬಾರದೆ ಇದ್ದದ್ದು ಆ ಅಲುಗಾಟ ಒಂದೇ.

ಕೀರ್ತಿಗೆ ಬರೆದೆ. "ಯಾವಾಗಿಂದ ಬ್ಯಾಡ ಅನ್ನಾಕತ್ಯಾಳ?"

"ಯಾವಾಗಿಂದ ಅಂದ್ರ? ನೀವು ಕೇಳಿದ ಮೊದಲನೇ ದಿನದಿಂದ. ಅಳಕೋತ ಅಂದ್ಳಲ್ರಿ."

"ನನಗ ಕಂಡಿದ್ದಿಲ್ಲ."

"ಕಾಣಸ್ತು ಅಂತ ಎರಡು ಸಲ ಬರದ್ರಿ."

ಆ ಕಡೆ ಕೀರ್ತಿ ಮೇಘಾಳನ್ನು ಕುರ್ಚಿಯಿಂದ ಇಳಿಸಿ ತಾನು ಕೂತಳು. ತಲೆ ಬಗ್ಗಿಸಿ ನಿಧಾನ ಟೈಪ್ ಮಾಡುತ್ತಿದ್ದುದು ಕಾಣುತ್ತಿತ್ತು. ಬೈತಲೆಯಲ್ಲಿ ಒಂದು ಬಿಳಿ ಕೂದಲು.

"ಆಕಿ ಬ್ಯಾಡ ಅಂದಿದ್ದು ನೋಡಿನೂ ನೀವು ತಾರೀಖು ತಗೊಂಡ್ರಿ ಅಂತ ತಿಳ್ಕೊಂಡಿದ್ದೆ. ಐದು ತಿಂಗಳಿಂದ ಹಂಗ ತಿಳ್ಕೊಂಡಾ ನಿಮ್ಮ ಜೋಡಿ ಮಾತಾಡೀನಿ."

15 ಏಪ್ರಿಲ್, ಸೋಮವಾರ

ಕಾಣಸ್ತು ಅಂತ ಯಾಕೆ ಬರೆದೆ.

21 ಏಪ್ರಿಲ್, ರವಿವಾರ

ಮೇಘಾ ಬರಲಿಲ್ಲ. ಕೀರ್ತಿ ಒಬ್ಬಳೇ ಬಂದಿದ್ದಳು. ಮೈಕ್ ಹಚ್ಚಿದ್ದಳು, ಮೊದಲ ಸಲ ಮುಖ ನೋಡುತ್ತ ಮಾತಾಡಿದೆವು.

"ಶನಿವಾರ ಸಂಜೀಗೇ ಹೊಟ್ಟಿ ನೋಯ್ತದ ಅಂತಾಳ್ರೀ. ಭಾಳ ದಿನದಿಂದ. ರವಿವಾರ ದಾಟಿದ್ರ ಬಿಡ್ತದ. ಮೊದಲ ನನಗೂ ತಿಳೀಲಿಲ್ಲ."

"ನನ್ನ ನೋಡೂದು ಬ್ಯಾಡ ಅಂತಾಳೇನು?"

"ನಿಮ್ಮನ್ನಲ್ಲ. ಕುರ್ಚಿ ಮ್ಯಾಲೆ ಕೂತು ಎಣಿಸೂದು ಬ್ಯಾಡ ಅಂತಾಳ. ನೀವು ಹತ್ತು ಅಂದ್ರಿ, ಮತ್ತ ಹತ್ತು ಅಂದ್ರಿ. ತಾನು ತಪ್ಪು ಎಣಿಸಾಕತ್ತೀನಿ, ಅದಕ್ಕಾ ಅಪ್ಪ ಮತ್ತ ಮತ್ತ ಮಾಡಿಸ್ತಾನ ಅಂತ ತಿಳ್ಕೊಂಡಾಳ. ಮನ್ಯಾಗ ಕನ್ನಡಿ ಮುಂದ ನಿಂತು ಎಣಿಸಿ ನೋಡ್ತಿತ್ತು ಹುಡುಗಿ."

ಅದು ಲೈನ್ ಪರೀಕ್ಷೆ ಎಂದೆ. ನನ್ನ ದನಿ ನನಗೇ ಕೇಳಿಸಿತು.

"ನನಗ ಗೊತ್ತದರೀ. ಆಕಿಗೆ ಯಾರು ಹೇಳ್ಯಾರ?"

ನವಿಲಿನ ಗರಿ ಏನಾಯಿತು ಎಂದು ಕೇಳಿದೆ. ಡಿಸೆಂಬರಿನಲ್ಲೇ ಶಾಲೆಗೆ ವಾಪಸು ಕೊಟ್ಟರಂತೆ.

5 ಮೇ, ರವಿವಾರ

ಮೇಘಾ ಬಂದಳು. ಹೊಸ ಹಲ್ಲು ಅರ್ಧ ಬಂದಿದೆ, ಅಂಚು ಗರಗಸದ ಹಾಗಿದೆ.

ನಾನು ಹಾಳೆ ಏನೂ ಹಿಡಿಯಲಿಲ್ಲ. ಸುಮ್ಮನೆ ಕೂತಿದ್ದೆ. ಅವಳೂ ಕೂತಿದ್ದಳು. ಆಮೇಲೆ ಅವಳು ಕೈ ಎತ್ತಿದಳು. ಈ ಸಲ ಶಾಲೆಯ ಸನ್ನೆ ಬಿಟ್ಟು ನಮ್ಮ ಹಳೆಯ ಮನೆಯ ಸನ್ನೆಯಲ್ಲೇ ಹೇಳಿದಳು. ತೀರ ನಿಧಾನವಾಗಿ, ಒಂದೊಂದಾದ ಮೇಲೆ ನಿಲ್ಲಿಸಿ, ನನಗೆ ತಿಳಿಯಿತೋ ಇಲ್ಲವೋ ಎಂದು ನೋಡಿ ಮುಂದಕ್ಕೆ ಹೋದಳು. ತಡವರಿಸಿ ಓದುವ ಚಿಕ್ಕ ಹುಡುಗರಿಗೆ ಮಾಸ್ತರರು ಹೇಳಿಕೊಡುವ ಹಾಗೆ.

ಕಿವಿ. ಸರಿ. ಇಲ್ಲ. ಅಪ್ಪ. ಮನೆ. ಇಲ್ಲ?

ಕಿವಿ ಸರಿಯಾಗದಿದ್ದರೆ ನೀನು ಮನೆಗೆ ಬರುವುದಿಲ್ಲವೇ ಎಂದು ಕೇಳುತ್ತಿದ್ದಳು.

ನಾನು ಹೊರಟದ್ದು ಯಾಕೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ತಾನೇ ಯೋಚಿಸಿ ಕಂಡುಕೊಂಡಿದ್ದಾಳೆ. ತನ್ನ ಕಿವಿಗಾಗಿ ಅಪ್ಪ ಹೋದ, ಅದು ಸರಿಯಾಗುವವರೆಗೆ ಬರುವುದಿಲ್ಲ. ಹೀಗೆ ತಿಳಿದುಕೊಂಡೂ ಬೇಡ ಎಂದಳಲ್ಲ. ಎಂಟು ವರ್ಷದ ಮಗು ಎಷ್ಟು ಯೋಚಿಸಿ ಬೇಡ ಎಂದಿರಬೇಕು.

ಬರ್ತೀನಿ ಎಂದೆ. ಅಂಗೈ ಎದೆಗೆ ಎಳೆದುಕೊಂಡೆ, ಎರಡು ಸಲ, ಮೂರು ಸಲ.

ಯಾವಾಗ ಎಂದು ಕೇಳಿದಳು.

ಆಮೇಲೆ ಯಾವಾಗಲೋ ಎಂದು ಸನ್ನೆ ಮಾಡಿದೆ. ಅವಳು ನನ್ನನ್ನು ನೋಡಿ ತಲೆ ಆಡಿಸಿದಳು, ಮನೆಗೆ ಬಂದ ದೊಡ್ಡವರು ಏನೋ ಹೇಳಿದರೆ ಆಡಿಸುವ ಹಾಗೆ. ಕುರ್ಚಿಯಿಂದ ಇಳಿದು ಹೋದಳು. ಲೈನು ಎಲ್ಲೂ ನಿಲ್ಲಲಿಲ್ಲ. ಅವಳು ಬಾಗಿಲು ದಾಟುವವರೆಗೂ ಕಾಣಿಸಿತು, ಬಾಗಿಲು ಹಾಕಿಕೊಂಡದ್ದೂ ಕಾಣಿಸಿತು.

7 ಮೇ, ಮಂಗಳವಾರ

ಆಸ್ಪತ್ರೆಗೆ ಫೋನ್ ಮಾಡಿ ಜುಲೈ ತಾರೀಖು ರದ್ದು ಮಾಡಿಸಿದೆ. ಡಾಕ್ಟರಮ್ಮನೇ ಫೋನಿಗೆ ಬಂದರು. ಮಗು ಬೇಡ ಎಂದಳು ಎಂದೆ. ಹಾಗಾದರೆ ಬೇಡ, ದೊಡ್ಡವಳಾಗಿ ಬೇಕೆಂದರೆ ಬರಲಿ ಎಂದರು. ನಂತರ, "ನೀವು ಕೇಳಿದ್ದು ಒಳ್ಳೆಯದಾಯಿತು" ಎಂದರು.

ಕೇಳಿದಾಗಲೇ ಉತ್ತರವನ್ನೂ ನೋಡಿದೆ ಎಂದು ಅವರು ತಿಳಿದಿದ್ದಾರೆ. ತಿದ್ದಲಿಲ್ಲ.

15 ಮೇ, ಬುಧವಾರ

ಕ್ಯೂಂಡಿಗುಂಗ್ ಬರೆದೆ. ಇಲ್ಲಿ ನೌಕರಿ ಬಿಡುವುದಕ್ಕೂ ಮನೆ ಬಿಡುವುದಕ್ಕೂ ಫೋನ್ ತೆಗೆಸುವುದಕ್ಕೂ ಒಂದೇ ಪದ. ಮೂರು ಕಾಗದ, ಮೂರು ಲಕೋಟೆ. ಡಿಎಸ್‌ಎಲ್ ಕರಾರು ಒಂದು ವರ್ಷದ್ದು, ನಾನಿರಲಿ ಬಿಡಲಿ ಹಣ ಹೋಗುತ್ತದೆ.

ಯೂನುಸ್ ಲಕೋಟೆಗಳನ್ನು ತಿರುಗಿಸಿ ನೋಡಿದ. "ಹುಬ್ಬಳ್ಳ್ಯಾಗ ಏನ್ ಮಾಡ್ತಿ ಅಣ್ಣಾ?" ಎಂದು ಕೇಳಿದ.

"ಗೊತ್ತಿಲ್ಲ."

"ಇನ್ನೂ ಮೂರು ವರ್ಷ ಪರ್ಮಿಟ್ ಅದ. ಅವರನ್ನ ಇಲ್ಲೇ ಕರಸ್ಕೋ. ಇಲ್ಲೂ ಅಂಥಾ ಸಾಲಿ ಇರ್ತಾವ."

"ಇಲ್ಲಿ ಸನ್ನೀನೂ ಬ್ಯಾರೆ ಅದ ಯೂನುಸ್. ಆಕಿಗೆ ಮತ್ತ ಮೂಕಿ ಆಗು ಅಂತ ಹೇಳಿದಂಗ ಆಗ್ತದ."

ಅವನು ಕಾಫಿ ತರಲು ಎದ್ದು ಹೋದ. ಎರಡು ಕಪ್ ತಂದ. ಎರಡಕ್ಕೂ ಸಕ್ಕರೆ ಹಾಕಿರಲಿಲ್ಲ, ಇಬ್ಬರೂ ಹಾಗೇ ಕುಡಿದೆವು.

26 ಮೇ, ರವಿವಾರ

ಕೀರ್ತಿಗೆ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಬರ್ರಿ. ಆದ್ರ ಆಕಿ ಓಡಿ ಬಂದು ಕೊರಳಿಗೆ ಬೀಳ್ತಾಳ ಅಂತ ಲೆಕ್ಕ ಹಾಕ್ಕೊಂಡು ಬರಬ್ಯಾಡ್ರಿ. ನನಗೂ ಸ್ವಲ್ಪ ಟೈಮ್ ಬೇಕು. ಐದು ತಿಂಗಳು ನಾ ನಿಮ್ಮನ್ನ ಕಲ್ಲುಮನಸಿನವರು ಅಂತ ತಿಳ್ಕೊಂಡು ಬದುಕೀನಿ. ಅದು ಒಂದು ದಿನಕ್ಕ ಹೋಗೂದಿಲ್ಲ."

ಹೂಂ ಎಂದೆ.

9 ಜೂನ್, ರವಿವಾರ

ಜುಲೈ ಆರರ ಟಿಕೆಟ್ ಕೈಗೆ ಬಂತು. ಇವತ್ತು ಮೇಘಾಳಿಗೆ ನಾನೇ ಹೇಳಬೇಕೆಂದು ಇಡೀ ವಾರ ಅಭ್ಯಾಸ ಮಾಡಿದ್ದೆ. ಕೀರ್ತಿ ಶಾಲೆಯ ಸನ್ನೆಗಳ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿಸಿ ಕಳಿಸಿದ್ದಳು.

ಅಪ್ಪ ಬರ್ತಾನೆ. ನಾಲ್ಕು ವಾರ. ವಾಪಸು ಹೋಗೂದಿಲ್ಲ. ಕಿವಿಗೆ ಏನೂ ಮಾಡೂದಿಲ್ಲ.

ವಾರ ಎನ್ನುವಲ್ಲಿ ಬೆರಳು ತಪ್ಪಿದೆ. ಅವಳು ತಿದ್ದಿದಳು. ನಾನು ಮತ್ತೆ ಮಾಡಿದೆ. ಸರಿ ಎಂಬಂತೆ ಗದ್ದ ಎತ್ತಿದಳು. ಆಮೇಲೆ ಪಕ್ಕಕ್ಕೆ ತಿರುಗಿ ಅವ್ವನಿಗೆ ಏನೋ ಕೇಳಿದಳು. ಸರಸರನೆ, ಶಾಲೆಯ ಸನ್ನೆಯಲ್ಲಿ. ನನಗೆ ತಿಳಿಯಲಿಲ್ಲ.

"ಏನಂತ?" ಎಂದೆ.

ಕೀರ್ತಿ ಕ್ಯಾಮೆರಾದ ಕಡೆ ತಿರುಗಿದಳು. "ನೀವು ಬಂದ ಮ್ಯಾಲೂ ರವಿವಾರ ಇಲ್ಲಿಗೆ ಬರಬೇಕೇನು ಅಂತ ಕೇಳಾಕತ್ಯಾಳ್ರೀ."

ನಾನೇ ಮೇಘಾಳ ಕಡೆ ತಿರುಗಿ ಅಂಗೈ ಎದೆಯ ಮುಂದೆ ಹಿಡಿದು ಅಲ್ಲಾಡಿಸಿದೆ. ಬೇಡ. ಇನ್ನು ಬೇಡ.

ಮೇಘಾ ನಕ್ಕಳು. ಪೂರ್ತಿ ಬಾಯಿ ಬಿಟ್ಟು, ಹೊಸ ಹಲ್ಲು ಕಾಣುವ ಹಾಗೆ ನಕ್ಕಳು. ಕುರ್ಚಿಯಿಂದ ಜಿಗಿದು ಹೊರಗೆ ಓಡಿದಳು.

ನಾನು ಬರುತ್ತೇನೆಂದು ನಕ್ಕಳೋ, ರವಿವಾರ ಬಿಡುಗಡೆಯಾಯಿತೆಂದು ನಕ್ಕಳೋ. ಅಷ್ಟು ಸ್ಪಷ್ಟ ಕಂಡರೂ ತಿಳಿಯಲಿಲ್ಲ. ಕೀರ್ತಿಯನ್ನು ಕೇಳಬಹುದಿತ್ತು. ಕೇಳಲಿಲ್ಲ.